ತರಗತಿಯಲ್ಲಿ ಹೆದರುವ ಮಗು: ಮನೆಯವರೂ ಅಧ್ಯಾಪಕರೂ ಮಾಡಬಹುದಾದುದು

ಜೂನ್ ತಿಂಗಳು ಬಂತೆಂದರೆ ನಮ್ಮ ಕಾಸರಗೋಡು, ಮಂಜೇಶ್ವರದ ಕಡೆ ಎರಡು ಕೆಲಸಗಳು ಒಟ್ಟಿಗೆ ಶುರುವಾಗುತ್ತವೆ. ಒಂದು ಮಳೆಗಾಲದ ತೋಟದ ಕೆಲಸ, ಇನ್ನೊಂದು ಮಕ್ಕಳ ಶಾಲೆ. ಅಡಿಕೆಗೆ ಮದ್ದು ಬಿಡುವ ಗಡಿಬಿಡಿಯ ನಡುವೆಯೇ ಚೀಲ, ಕೊಡೆ, ಪುಸ್ತಕಗಳ ಏರ್ಪಾಡೂ ಆಗಬೇಕು. ಈ ದಿನಗಳಲ್ಲಿ ಕೆಲವು ಮನೆಗಳಲ್ಲಿ ಬೆಳಗ್ಗೆ ಏಳೂವರೆಯ ಹೊತ್ತಿಗೆ ಒಂದು ದೂರು ಕೇಳಿಬರುತ್ತದೆ: "ಅಮ್ಮಾ, ಹೊಟ್ಟೆನೋವು." ಇನ್ನು ಕೆಲವು ಕಡೆ ತಲೆನೋವು, ವಾಕರಿಕೆ, ಸುಸ್ತು. ಡಾಕ್ಟರರ ಬಳಿ ಕರೆದೊಯ್ದರೆ ಅವರು ಹೊಟ್ಟೆ ಒತ್ತಿ ನೋಡಿ, ಬೇಕಾದರೆ ರಕ್ತ ಪರೀಕ್ಷೆ ಮಾಡಿಸಿ, "ಏನೂ ಇಲ್ಲ" ಎನ್ನುತ್ತಾರೆ. ಆದಿತ್ಯವಾರ ನೋವಿಲ್ಲ. ರಜೆಯಲ್ಲಿ ನೋವಿಲ್ಲ. ಸೋಮವಾರ ಬೆಳಗ್ಗೆ ಮತ್ತೆ ಶುರು.

"ಇದು ಬರೀ ಕಳ್ಳಾಟ, ಎರಡು ಬಿಗಿದರೆ ಸರಿಯಾಗುತ್ತದೆ" ಎನ್ನುವವರು ನಮ್ಮಲ್ಲಿ ಇದ್ದಾರೆ. "ಪಾಪ, ಇವತ್ತು ಮನೆಯಲ್ಲೇ ಇರಲಿ" ಎನ್ನುವವರೂ ಇದ್ದಾರೆ. ಮಗುವಿನ ಮೇಲಿನ ಪ್ರೀತಿಯಿಂದಲೇ ಬಂದ ಈ ಎರಡು ಮಾತುಗಳೂ ಮಗುವಿನ ಕಷ್ಟವನ್ನು ಹೆಚ್ಚಿಸಬಲ್ಲವು. ಹಾಗಾದರೆ ಮಾಡಬೇಕಾದುದೇನು ಎಂಬುದನ್ನು ಈ ಬಾರಿಯ ಅಂಕಣದಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಹೆದರಿಕೆಯ ಹೊಟ್ಟೆನೋವು ಸುಳ್ಳಲ್ಲ

ಮೊದಲು ತಿಳಿಯಬೇಕಾದ ಸಂಗತಿ ಇದು: ಹೆದರಿದ ಮಗುವಿನ ಹೊಟ್ಟೆನೋವು ನಿಜವಾದ ನೋವು. ತೋಟದಲ್ಲಿ ಹುಲ್ಲು ಕೊಯ್ಯುವಾಗ ಕಾಲ ಬುಡದಲ್ಲಿ ಹಾವು ಸರಿದರೆ ನಮ್ಮ ದೇಹದಲ್ಲಿ ಏನಾಗುತ್ತದೆ? ಯೋಚಿಸುವ ಮೊದಲೇ ಹಾರಿ ಹಿಂದೆ ಸರಿದಿರುತ್ತೇವೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಉಸಿರು ಬಿರುಸಾಗುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಮೂತ್ರಪಿಂಡಗಳ ಮೇಲಿರುವ ಸಣ್ಣ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುವುದೇ ಇದಕ್ಕೆ ಕಾರಣ. ಓಡಲು ಅಥವಾ ಎದುರಿಸಲು ಕೈಕಾಲುಗಳಿಗೆ ಹೆಚ್ಚು ರಕ್ತ ಬೇಕು. ಅದಕ್ಕಾಗಿ ಹೊಟ್ಟೆ ಮತ್ತು ಕರುಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಜೀರ್ಣದ ಕೆಲಸ ಏರುಪೇರಾಗುತ್ತದೆ. ಹೊಟ್ಟೆ ತೊಳಸುವುದು, ಮತ್ತೆ ಮತ್ತೆ ಶೌಚಕ್ಕೆ ಹೋಗಬೇಕೆನಿಸುವುದು ಹೀಗೆಯೇ.

ಈ ಏರ್ಪಾಡು ನಮ್ಮನ್ನು ಕಾಪಾಡಲಿಕ್ಕೆ ಇರುವುದು. ತೊಂದರೆ ಎಲ್ಲಿ ಎಂದರೆ, ಕೆಲವು ಮಕ್ಕಳ ಮಿದುಳು ಗಣಿತದ ಪೀರಿಯಡನ್ನೂ, ಎದ್ದು ನಿಂತು ಓದುವುದನ್ನೂ, ಪರೀಕ್ಷೆಯ ಹಾಲನ್ನೂ ಹಾವಿನಂತೆಯೇ ಕಾಣುತ್ತದೆ. ಹಾವು ಹೋದ ಮೇಲೆ ನಮ್ಮ ಎದೆಬಡಿತ ಇಳಿಯುತ್ತದೆ. ಆದರೆ ಶಾಲೆ ದಿನಾ ಇದೆ. ಆದ್ದರಿಂದ ಆ ಮಗುವಿನ ದೇಹ ದಿನಾ ಎಚ್ಚರಿಕೆಯ ಗಂಟೆ ಬಾರಿಸುತ್ತಲೇ ಇರುತ್ತದೆ. ಇಂಥ ಸ್ಥಿತಿಯಲ್ಲಿ ಓದಿದ್ದು ನೆನಪಿಗೆ ಬಾರದಿದ್ದರೆ ಅದು ಬುದ್ಧಿಯ ಕೊರತೆಯಲ್ಲ. ಮನಸ್ಸೆಲ್ಲ ಅಪಾಯದ ಕಡೆಗೇ ಇರುವಾಗ ಮಗ್ಗಿ ಎಲ್ಲಿಂದ ನೆನಪಾಗಬೇಕು?

ಅಲ್ಪಸ್ವಲ್ಪ ಆತಂಕ ಎಲ್ಲ ಮಕ್ಕಳಿಗೂ ಇರುತ್ತದೆ, ಇರಬೇಕು ಕೂಡ. ಪರೀಕ್ಷೆಯ ಹೆದರಿಕೆ ಒಂದಿಷ್ಟೂ ಇಲ್ಲದ ಮಗು ಪುಸ್ತಕ ತೆರೆಯುವುದೂ ಸಂಶಯ. ಆದರೆ ಆತಂಕ ವಾರಗಟ್ಟಲೆ ಇಳಿಯದೆ ನಿಂತು ಮಗುವಿನ ಓದು, ಊಟ, ನಿದ್ದೆ, ಆಟಗಳನ್ನು ಕೆಡಿಸತೊಡಗಿದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. 10ರಿಂದ 19 ವರ್ಷದೊಳಗಿನ ಏಳು ಮಂದಿಯಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅದರಲ್ಲಿ ಆತಂಕದ ಪಾಲು ದೊಡ್ಡದು. ಆದ್ದರಿಂದ 35 ಮಕ್ಕಳ ತರಗತಿಯಲ್ಲಿ ಇಂಥವರು ಒಬ್ಬಿಬ್ಬರಾದರೂ ಇದ್ದಾರೆಂದು ತಿಳಿದುಕೊಂಡೇ ನಾವು ನಡೆಯುವುದು ಒಳ್ಳೆಯದು.

ಗುರುತಿಸುವುದು ಹೇಗೆ?

ಆತಂಕದ ಮಗು "ನನಗೆ ಆತಂಕ" ಎಂದು ಹೇಳುವುದಿಲ್ಲ. ಹೇಳಲು ಅದಕ್ಕೆ ಮಾತು ತಿಳಿದಿರುವುದಿಲ್ಲ. ಆದ್ದರಿಂದ ನಡವಳಿಕೆಯನ್ನು ನೋಡಿ ತಿಳಿಯಬೇಕು.

ಸಣ್ಣ ಮಕ್ಕಳು ಅಮ್ಮನ ಸೆರಗು ಬಿಡುವುದಿಲ್ಲ, ಶಾಲೆಯ ಗೇಟಿನ ಬಳಿ ಅಳುತ್ತಾರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುತ್ತದೆ. ಕೆಲವು ಮಕ್ಕಳು ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾರೆ, ಶಾಲೆಯಲ್ಲಿ ಮಾತ್ರ ತಿಂಗಳುಗಟ್ಟಲೆ ತುಟಿ ಬಿಚ್ಚುವುದಿಲ್ಲ. ಇದನ್ನು ಹಟ ಎಂದುಕೊಳ್ಳುವವರೇ ಹೆಚ್ಚು. ನಿಜವಾಗಿ ಅದು ಗಂಟಲು ಕಟ್ಟುವಷ್ಟು ಹೆದರಿಕೆ.

ದೊಡ್ಡ ಮಕ್ಕಳಲ್ಲಿ ಲಕ್ಷಣಗಳು ಬೇರೆ. ಒಂದು ಅಕ್ಷರ ತಪ್ಪಿದರೂ ಇಡೀ ಪುಟ ಹರಿದು ಮತ್ತೆ ಬರೆಯುವುದು, "ನಾಳೆ ಟೀಚರ್ ಕೇಳಿದರೆ ಏನು ಮಾಡಲಿ?" ಎಂದು ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವುದು, ಗೊತ್ತಿದ್ದ ಉತ್ತರಕ್ಕೂ ಕೈ ಎತ್ತದಿರುವುದು, ಪರೀಕ್ಷೆಯ ದಿನ ವಾಂತಿ, ರಾತ್ರಿ ನಿದ್ದೆ ಬಾರದಿರುವುದು. ಕೆಲವು ಹುಡುಗರಲ್ಲಿ ಹೆದರಿಕೆಯು ಸಿಟ್ಟಿನ ವೇಷ ಹಾಕುತ್ತದೆ. ಓದಲು ಹೇಳಿದಾಗ ಬೆಂಚು ತಳ್ಳಿ ಹೊರಗೆ ಹೋಗುವ, ಬೇಕೆಂದೇ ತರಲೆ ಮಾಡಿ ಹೊರಗೆ ಕಳುಹಿಸಿಕೊಳ್ಳುವ ಹುಡುಗ ಓದುವ ಅವಮಾನದಿಂದ ತಪ್ಪಿಸಿಕೊಳ್ಳುತ್ತಿರಬಹುದು. ಗದ್ದಲ ಮಾಡದ, ಮೂಲೆಯಲ್ಲಿ ಕುಳಿತು ಹೇಳಿದ್ದನ್ನೆಲ್ಲ ಮಾಡುವ "ಒಳ್ಳೆಯ" ಮಗುವಿನ ಮೇಲೆಯೂ ಒಂದು ಕಣ್ಣಿರಲಿ. ಅದರ ಕಷ್ಟ ಯಾರ ಗಮನಕ್ಕೂ ಬರುವುದಿಲ್ಲ.

ಹಾಗೆಂದು ಎಲ್ಲ ಹೊಟ್ಟೆನೋವನ್ನೂ ಹೆದರಿಕೆ ಎನ್ನುವಂತಿಲ್ಲ. ಹುಳದ ಬಾಧೆ, ರಕ್ತಹೀನತೆ, ದಮ್ಮು, ಥೈರಾಯ್ಡ್ ಗ್ರಂಥಿಯ ತೊಂದರೆ ಇವೆಯೇ ಎಂದು ವೈದ್ಯರಲ್ಲಿ ಒಮ್ಮೆ ತೋರಿಸಿ ಖಾತ್ರಿ ಮಾಡಿಕೊಳ್ಳಬೇಕು. ಕಣ್ಣು ಕಿವಿಗಳ ಪರೀಕ್ಷೆಯೂ ಆಗಲಿ. ಕರಿಹಲಗೆ ಸರಿಯಾಗಿ ಕಾಣದ ಮಗುವಿಗೆ ತರಗತಿಯ ಹೆದರಿಕೆ ಬರುವುದು ಆಶ್ಚರ್ಯವಲ್ಲ.

ನಮ್ಮ ಮಕ್ಕಳಿಗೆ ಈ ಹೆದರಿಕೆ ಎಲ್ಲಿಂದ?

ಕೆಲವು ಮಕ್ಕಳು ಹುಟ್ಟಿನಿಂದಲೇ ಸ್ವಲ್ಪ ಸೂಕ್ಷ್ಮ ಸ್ವಭಾವದವರು. ಮನೆಯಲ್ಲಿ ಹಿರಿಯರಿಗೆ ಇಂಥ ಸ್ವಭಾವವಿದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಹೆಚ್ಚು. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಆದರೆ ನಮ್ಮ ಪ್ರದೇಶದ ಮಕ್ಕಳಿಗೆ ಇದರ ಮೇಲೆ ಬೇರೆ ಕೆಲವು ಹೊರೆಗಳೂ ಇವೆ.

ಮೊದಲನೆಯದು ಭಾಷೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಮಗು ಒಂದೇ ಭಾಷೆಯಲ್ಲಿ ಬದುಕಿ ಓದುವುದು ಅಪರೂಪ. ಮನೆಯಲ್ಲಿ ಕೊಂಕಣಿ ಅಥವಾ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮತ್ತು ಕಚೇರಿಯಲ್ಲಿ ಮಲಯಾಳಂ, ಪ್ಲಸ್ ವನ್‌ಗೆ ಸೇರಿದ ಕೂಡಲೇ ಇಂಗ್ಲಿಷ್. ಇಷ್ಟು ಭಾಷೆಗಳನ್ನು ಕಲಿಯುವುದು ಭಾಗ್ಯವೇ ಸರಿ. ಆದರೆ ಕಲಿಯುವ ನಡುವಿನ ಹಂತದಲ್ಲಿ "ಬಾಯಿ ಬಿಟ್ಟರೆ ನಗುತ್ತಾರೆ" ಎಂಬ ಅಳುಕು ಬಹಳ ಮಕ್ಕಳಲ್ಲಿರುತ್ತದೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ತಿಳಿಯದ ಅಧ್ಯಾಪಕರು ಬಂದಾಗ ರಕ್ಷಕರು ಪ್ರತಿಭಟಿಸಿದ್ದು ಹಲವು ಬಾರಿ ನಡೆದಿದೆ. ಆ ಚರ್ಚೆಯಲ್ಲಿ ಪಾಠ ತಿಳಿಯುವುದಿಲ್ಲ ಎಂಬ ಮಾತು ಬಂತು. ತನಗೆ ಅರ್ಥವಾಗಲಿಲ್ಲ ಎಂದು ಹೇಳಲೂ ಆಗದೆ ಕುಳಿತಿರುವ ಮಗುವಿನ ಮನಸ್ಸಿನ ಸ್ಥಿತಿಯ ಕುರಿತ ಮಾತು ಅಷ್ಟಾಗಿ ಬರಲಿಲ್ಲ.

ಎರಡನೆಯದು ಮನೆಯ ಚಿಂತೆ. ಕೊಳೆರೋಗ ಬಂದು ಅಡಿಕೆ ಉದುರಿದ ವರ್ಷ, ರಬ್ಬರಿನ ಬೆಲೆ ಇಳಿದ ವರ್ಷ, ಬ್ಯಾಂಕಿನ ಸಾಲದ ನೋಟೀಸು ಬಂದ ತಿಂಗಳು, ರಾತ್ರಿ ಊಟದ ಹೊತ್ತಿನಲ್ಲಿ ಅದೇ ಮಾತು. ಮಕ್ಕಳು ಪುಸ್ತಕ ಹಿಡಿದು ಪಕ್ಕದ ಕೋಣೆಯಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. "ನಿನ್ನ ಓದಿಗಾಗಿ ತೋಟ ಅಡವಿಟ್ಟಿದ್ದೇವೆ" ಎಂಬ ಮಾತನ್ನು ನಾವು ಹುರುಪು ಕೊಡಲೆಂದು ಆಡುತ್ತೇವೆ. ಹತ್ತನೆಯ ತರಗತಿಯ ಮಗುವಿಗೆ ಅದು ಹೆಗಲ ಮೇಲೆ ಹೊರಿಸಿದ ಮೂಟೆಯಾಗುತ್ತದೆ.

ಮೂರನೆಯದು ಹೊಡೆತ ಮತ್ತು ಅವಮಾನ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ವಿಧಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಈಗ ಕಡಿಮೆಯಾಗಿದೆ. ಅಂಕಗಳನ್ನು ಎಲ್ಲರೆದುರು ಓದಿ ನಗೆಗೀಡು ಮಾಡುವುದು, "ನಿನ್ನ ಅಕ್ಕನನ್ನು ನೋಡಿ ಕಲಿ" ಎನ್ನುವುದು, ಸಹಪಾಠಿಗಳು ಅಡ್ಡಹೆಸರಿಟ್ಟು ಕಾಡುವುದು ಇನ್ನೂ ಪೂರ್ತಿ ನಿಂತಿಲ್ಲ. ಮಗು ಶಾಲೆಗೆ ಹೋಗಲು ಹೆದರುತ್ತಿದ್ದರೆ ಅಲ್ಲಿ ಯಾರಾದರೂ ನಿಜವಾಗಿ ಕಾಡುತ್ತಿದ್ದಾರೆಯೇ ಎಂದು ಮೊದಲು ಮೃದುವಾಗಿ ವಿಚಾರಿಸಬೇಕು. ಹಾಗಿದ್ದರೆ ಆ ಕಾಟವನ್ನು ನಿಲ್ಲಿಸಬೇಕು. ಅದನ್ನು ಸಹಿಸಲು ಮಗುವಿಗೆ ಕಲಿಸುವುದು ಪರಿಹಾರವಲ್ಲ.

ಬೈದು ದಬ್ಬುವುದೂ ಬೇಡ, ಬಚ್ಚಿಡುವುದೂ ಬೇಡ

ಈಗ ಮುಖ್ಯ ವಿಷಯಕ್ಕೆ ಬರೋಣ. ಹೆದರುವ ಮಗುವನ್ನು ಒಮ್ಮೆಲೇ ಎಲ್ಲರ ಮುಂದೆ ನಿಲ್ಲಿಸಿ "ಓದು" ಎಂದು ಗದರಿಸಿದರೆ ಏನಾಗುತ್ತದೆ? ಧ್ವನಿ ನಡುಗುತ್ತದೆ, ತರಗತಿ ನಗುತ್ತದೆ. ತಾನು ಹೆದರಿದ್ದು ಸರಿಯೇ ಎಂಬುದು ಮಗುವಿಗೆ ಗಟ್ಟಿಯಾಗುತ್ತದೆ.

ಅದರ ಬದಲು "ನೀನು ಓದುವುದು ಬೇಡ, ಕೂತುಕೋ" ಎಂದು ಪೂರ್ತಿಯಾಗಿ ಬಿಟ್ಟುಬಿಟ್ಟರೆ? ಆ ಕ್ಷಣಕ್ಕೆ ಮಗುವಿಗೆ ದೊಡ್ಡ ನೆಮ್ಮದಿ. ಆದರೆ ಈ ನೆಮ್ಮದಿಯೇ ಬಲೆ. ತಪ್ಪಿಸಿಕೊಂಡರೆ ಹೆದರಿಕೆ ಇಳಿಯುತ್ತದೆ ಎಂದು ಮನಸ್ಸು ಕಲಿತುಬಿಡುತ್ತದೆ. ಮರುದಿನ ತಪ್ಪಿಸಿಕೊಳ್ಳುವ ಆಸೆ ಇನ್ನೂ ಹೆಚ್ಚು. ಓದುವುದನ್ನು ಬಿಟ್ಟ ಮಗು ಆ ಪೀರಿಯಡನ್ನು ಬಿಡುತ್ತದೆ, ಮತ್ತೆ ಆ ದಿನವನ್ನು, ಕೊನೆಗೆ ಶಾಲೆಯನ್ನೇ. ಓದಿದ್ದರೂ ಏನೂ ಅನಾಹುತವಾಗುತ್ತಿರಲಿಲ್ಲ ಎಂದು ತಿಳಿಯುವ ಅವಕಾಶವೇ ಮಗುವಿಗೆ ಸಿಗುವುದಿಲ್ಲ.

ಕೃಷಿಕರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಅಡಿಕೆ ಸಸಿಯನ್ನು ಬೋಳು ಗುಡ್ಡೆಯ ಬಿಸಿಲಿಗೆ ಹಾಗೆಯೇ ನೆಟ್ಟರೆ ಎಲೆ ಸುಟ್ಟು ಹೋಗುತ್ತದೆ. ಅದಕ್ಕಾಗಿ ನಾವು ನಡುವೆ ಬಾಳೆ ನೆಡುತ್ತೇವೆ, ತೆಂಕು ಮತ್ತು ಪಡುವಣ ಬಿಸಿಲಿಗೆ ಸೋಗೆಯ ಮರೆ ಕಟ್ಟುತ್ತೇವೆ. ಹಾಗೆಂದು ಸಸಿಯನ್ನು ಎಂದೆಂದಿಗೂ ದಟ್ಟ ನೆರಳಿನಲ್ಲೇ ಇಟ್ಟರೆ ಅದು ಬಡಕಲಾಗಿ ಉದ್ದಕ್ಕೆ ಏರುತ್ತದೆಯೇ ಹೊರತು ಬುಡ ಕಟ್ಟುವುದಿಲ್ಲ. ಬೇರು ಹಿಡಿದಂತೆಲ್ಲ ನೆರಳನ್ನು ಕಡಿಮೆ ಮಾಡುತ್ತಾ ಬರುತ್ತೇವೆ. ಹೆದರುವ ಮಗುವಿಗೂ ಬೇಕಾದುದು ಇದೇ: ಸ್ವಲ್ಪ ನೆರಳು, ಸ್ವಲ್ಪ ಬಿಸಿಲು, ಬಿಸಿಲು ದಿನದಿಂದ ದಿನಕ್ಕೆ ತುಸು ಹೆಚ್ಚು.

ಇದು ಬರಿಯ ಹೋಲಿಕೆಯಲ್ಲ, ಪ್ರಯೋಗದಿಂದ ಕಂಡುಕೊಂಡ ಸಂಗತಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ 1924ರಲ್ಲಿ ಒಬ್ಬ ಪುಟ್ಟ ಹುಡುಗನ ವಿಷಯ ಪ್ರಕಟಿಸಿದರು. ಮೂರು ವರ್ಷದ ಆಸುಪಾಸಿನ ಆ ಹುಡುಗನಿಗೆ ಮೊಲವೆಂದರೆ ವಿಪರೀತ ಹೆದರಿಕೆ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಗೂಡಿನಲ್ಲಿದ್ದ ಮೊಲವನ್ನು ಕೋಣೆಯ ದೂರದ ತುದಿಯಲ್ಲಿ ಇಟ್ಟರು. ದಿನಗಳೆದಂತೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಮೊಲಕ್ಕೆ ಹೆದರದ ಬೇರೆ ಮಕ್ಕಳೂ ಅವನ ಜೊತೆ ಇರುವಂತೆ ನೋಡಿಕೊಂಡರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡುವಂತಾದ. ಇಂದು ಮಕ್ಕಳ ಆತಂಕಕ್ಕೆ ಕೊಡುವ ಮನೋಚಿಕಿತ್ಸೆಯಲ್ಲಿ ಈ ತತ್ವಕ್ಕೆ ದೊಡ್ಡ ಸ್ಥಾನವಿದೆ.

ಮೆಟ್ಟಿಲು ಮೆಟ್ಟಿಲಾಗಿ

ಏಳನೆಯ ತರಗತಿಯ ಒಬ್ಬ ಹುಡುಗಿಗೆ ತರಗತಿಯಲ್ಲಿ ಎದ್ದು ಓದುವ ಹೆದರಿಕೆ ಇದೆ ಎಂದಿಟ್ಟುಕೊಳ್ಳೋಣ. ಮನೆಯವರೂ ಕ್ಲಾಸ್ ಟೀಚರೂ ಅವಳನ್ನು ಕೂಡಿಸಿಕೊಂಡು ಒಂದು ಕಾಗದದಲ್ಲಿ ಮೆಟ್ಟಿಲುಗಳನ್ನು ಬರೆಯಬಹುದು.

1. ಮನೆಯಲ್ಲಿ ಅಜ್ಜಿಗೆ ಪಾಠದ ಒಂದು ಭಾಗ ಗಟ್ಟಿಯಾಗಿ ಓದಿ ಹೇಳುವುದು.
2. ಮಧ್ಯಾಹ್ನದ ಬಿಡುವಿನಲ್ಲಿ ಟೀಚರ್ ಒಬ್ಬರಿಗೇ ಓದಿ ತೋರಿಸುವುದು.
3. ಟೀಚರ್ ಜೊತೆಗೆ ಒಬ್ಬ ಗೆಳತಿಯೂ ಇರುವಾಗ ಓದುವುದು.
4. ತರಗತಿಯಲ್ಲಿ ತನ್ನ ಜಾಗದಲ್ಲೇ ಕುಳಿತು, ಮೊದಲೇ ಗೊತ್ತುಮಾಡಿದ ಎರಡು ಸಾಲು ಓದುವುದು.
5. ಎದ್ದು ನಿಂತು ಒಂದು ಪ್ಯಾರಾ ಓದುವುದು.
6. ಮುಂದೆ ಬಂದು, ಮೊದಲೇ ಗೊತ್ತುಮಾಡದ ಭಾಗವನ್ನು ಓದುವುದು.
7. ಶಾಲೆಯ ಅಸೆಂಬ್ಲಿಯಲ್ಲೋ ಆದಿತ್ಯವಾರ ದೇವಾಲಯದಲ್ಲೋ ವಾಚನ ಓದುವುದು.

ಇದರಲ್ಲಿ ಕೆಲವು ನಿಯಮಗಳಿವೆ. ಒಂದು ಮೆಟ್ಟಿಲಿನಲ್ಲಿ ಹೆದರಿಕೆ ಸಾಕಷ್ಟು ಇಳಿಯುವ ತನಕ ಅದನ್ನೇ ಮತ್ತೆ ಮತ್ತೆ ಮಾಡಿಸಬೇಕು. ಹೆದರಿಕೆ ಪೂರ್ತಿ ಹೋಗಲಿ ಎಂದು ಕಾಯಬೇಕಾಗಿಲ್ಲ, ತಾಳಿಕೊಳ್ಳುವಷ್ಟಾದರೆ ಸಾಕು. ಮೆಟ್ಟಿಲು ತೀರ ಎತ್ತರವಾದರೆ ನಡುವೆ ಇನ್ನೊಂದನ್ನು ಸೇರಿಸಬೇಕು. ಹೆದರಿಕೆ ಏರಿದ ಕ್ಷಣದಲ್ಲೇ ಬಿಟ್ಟು ಓಡಲು ಬಿಡದೆ, ಸ್ವಲ್ಪ ಹೊತ್ತು ಅಲ್ಲೇ ಇರಲು ಧೈರ್ಯ ಹೇಳಬೇಕು. ಅಲೆ ಏರಿದಂತೆ ಹೆದರಿಕೆ ಏರುತ್ತದೆ, ಓಡದೆ ನಿಂತರೆ ಇಳಿಯುತ್ತದೆ. ಇಳಿಯುವುದನ್ನು ಮಗು ಸ್ವತಃ ಅನುಭವಿಸಬೇಕು, ಬಾಯಿಮಾತಿನ ಉಪದೇಶ ಅದಕ್ಕೆ ಸಾಟಿಯಲ್ಲ. ಒಂದು ದಿನ ಹಿಂದೆ ಬಿದ್ದರೆ ಗಾಬರಿಪಡದೆ ಕೆಳಗಿನ ಮೆಟ್ಟಿಲಿನಿಂದ ಮತ್ತೆ ಹೊರಡಬೇಕು.

ಶಾಲೆಗೇ ಹೋಗದೆ ನಿಂತ ಮಗುವಿಗೂ ಇದೇ ದಾರಿ. ಮೊದಲು ಗೇಟಿನ ತನಕ, ಮತ್ತೆ ಆಫೀಸ್ ಕೋಣೆ ಅಥವಾ ವಾಚನಾಲಯದ ತನಕ, ಮತ್ತೆ ಇಷ್ಟದ ಒಂದು ಪೀರಿಯಡು, ಅರ್ಧ ದಿನ, ಪೂರ್ತಿ ದಿನ. ಸ್ವಲ್ಪ ಹೊತ್ತಾದರೂ ಸರಿ, ದಿನಾ ಹೋಗುವುದು ಮುಖ್ಯ. ಮನೆಯಲ್ಲಿ ಕಳೆದ ದಿನಗಳು ಹೆಚ್ಚಾದಷ್ಟೂ ಮರಳುವುದು ಕಷ್ಟ. ಕೋವಿಡಿನಿಂದ ಮುಚ್ಚಿದ್ದ ಕೇರಳದ ಶಾಲೆಗಳು 2021ರ ನವೆಂಬರಿನಲ್ಲಿ ತೆರೆದಾಗ ಬಹಳ ಮನೆಗಳಲ್ಲಿ ಈ ಕಷ್ಟವನ್ನು ಕಂಡಿದ್ದೇವೆ.

ಅಧ್ಯಾಪಕರಲ್ಲಿ ಕೆಲವು ಮಾತು

ನಮ್ಮ ಓದುಗರಲ್ಲಿ ಅಧ್ಯಾಪಕರು, ಕ್ರಿಸ್ತೋಪದೇಶ ತರಗತಿ ನಡೆಸುವವರು ಅನೇಕರಿದ್ದಾರೆ. ಅಷ್ಟೊಂದು ಮಕ್ಕಳ ನಡುವೆ ಒಬ್ಬರನ್ನೇ ನೋಡಿಕೊಂಡಿರಲು ಸಾಧ್ಯವಿಲ್ಲ ಎಂಬುದು ನಮಗೂ ಗೊತ್ತು. ಕೆಳಗಿನವುಗಳಿಗೆ ಹೆಚ್ಚು ಸಮಯವೂ ಬೇಡ, ಖರ್ಚೂ ಇಲ್ಲ.

ಪ್ರಶ್ನೆ ಕೇಳಿದ ಮೇಲೆ ಮೂರ್ನಾಲ್ಕು ಸೆಕೆಂಡು ಸುಮ್ಮನಿದ್ದು ಆಮೇಲೆ ಹೆಸರು ಕರೆಯಿರಿ. ಹೆದರುವ ಮಗುವಿಗೆ "ನಾಳೆ ಎರಡನೆಯ ಪ್ರಶ್ನೆ ನಿನಗೆ" ಎಂದು ಹಿಂದಿನ ದಿನವೇ ತಿಳಿಸಿದರೆ ಸಿದ್ಧವಾಗಿ ಬರುತ್ತದೆ. ಮಕ್ಕಳು ಮೊದಲು ಪಕ್ಕದವರೊಂದಿಗೆ ಉತ್ತರ ಚರ್ಚಿಸಿ ಬಳಿಕ ತರಗತಿಗೆ ಹೇಳುವಂತೆ ಮಾಡಿದರೆ ಎಲ್ಲರಿಗೂ ಅನುಕೂಲ.

ಉತ್ತರ ತಪ್ಪಾದಾಗ ಯಾರಾದರೂ ನಕ್ಕರೆ ಅಲ್ಲೇ ತಡೆಯಿರಿ. ಕರಿಹಲಗೆಯಲ್ಲಿ ತಾವೇ ತಪ್ಪು ಬರೆದಾಗ "ತಪ್ಪಿತು, ಸರಿಮಾಡೋಣ" ಎಂದು ನಗುತ್ತಾ ತಿದ್ದುವ ಮಾಸ್ಟರು ಮಕ್ಕಳಿಗೆ ದೊಡ್ಡ ಪಾಠ ಕಲಿಸುತ್ತಾರೆ.

ಎದೆ ಹೊಡೆದುಕೊಂಡು ತಾಳಲಾಗದಾಗ ಮಗು ನಿಮಗೆ ತೋರಿಸಬಹುದಾದ ಒಂದು ಗುಟ್ಟಿನ ಗುರುತು ಇರಲಿ, ಮೇಜಿನ ಮೇಲೆ ಕೆಂಪು ಪೆನ್ಸಿಲ್ ಇಟ್ಟಂತೆ. ಆಗ ಐದು ನಿಮಿಷ ಹೊರಗೆ ಹೋಗಿ ನೀರು ಕುಡಿದು ಬರಲು ಬಿಡಿ. ಹೋದ ಮಗು ಮರಳಿ ಬರಬೇಕು ಎಂಬುದು ಈ ಒಪ್ಪಂದದ ಇನ್ನೊಂದು ಅರ್ಧ.

ರಜೆಯ ನಂತರ ಬಂದ ಮಗುವನ್ನು "ಏನು, ಮಹಾರಾಜರ ಸವಾರಿ ಬಂತೋ?" ಎಂದು ಚುಚ್ಚಬೇಡಿ. "ಬಂದಿಯಾ, ಒಳ್ಳೆಯದಾಯಿತು" ಎಂದರೆ ಸಾಕು. ಬಿಟ್ಟುಹೋದ ನೋಟ್ಸೆಲ್ಲ ಒಂದೇ ದಿನದಲ್ಲಿ ಬರೆಯಲು ಹೇಳಬೇಡಿ.

ಹೊಗಳುವಾಗ ಅಂಕವನ್ನಲ್ಲ, ಪ್ರಯತ್ನವನ್ನು ಹೊಗಳಿ. ಅದನ್ನೂ ಮೆಲ್ಲಗೆ ಹತ್ತಿರ ಹೋಗಿ ಹೇಳಿ. ನಾಚಿಕೆಯ ಮಗುವಿಗೆ ಎಲ್ಲರೆದುರಿನ ಚಪ್ಪಾಳೆಯೂ ಶಿಕ್ಷೆಯಾಗಬಹುದು.

ಮನೆಯವರು ಮಾಡಬೇಕಾದುದು

ಬೆಳಗ್ಗೆ ಹೊಟ್ಟೆನೋವು ಎಂದಾಗ ವಾದ ಮಾಡಬೇಡಿ. "ಹೆದರಿಕೆ ಆಗುತ್ತದೆಂದು ಗೊತ್ತು ಮಗಾ. ಆದರೂ ನೀನು ಹೋಗಿ ಬರಬಲ್ಲೆ. ಸಂಜೆ ಬಂದ ಮೇಲೆ ಮಾತಾಡುವ" ಎಂದು ಸಮಾಧಾನದಿಂದ ಹೇಳಿ. "ಹೆದರಲಿಕ್ಕೆ ಏನಿದೆ?" ಎಂದು ಕೇಳುವುದರಿಂದ ಹೆದರಿಕೆ ಹೋಗುವುದಿಲ್ಲ, ಮಗು ಅದನ್ನು ಮುಚ್ಚಿಡಲು ಕಲಿಯುತ್ತದೆ ಅಷ್ಟೇ. ಅಪ್ಪ ಒಂದು, ಅಮ್ಮ ಒಂದು, ಅಜ್ಜಿ ಮತ್ತೊಂದು ಹೇಳಿದರೆ ಯಾವುದೂ ನಾಟುವುದಿಲ್ಲ. ಮನೆಯವರ ಮಾತು ಒಂದೇ ಆಗಿರಲಿ.

ಜ್ವರವೋ ವಾಂತಿಯೋ ಇಲ್ಲದೆ ಮನೆಯಲ್ಲಿ ಉಳಿದ ದಿನ ಟಿವಿ, ಮೊಬೈಲು ಇರಬಾರದು. ಶಾಲೆಯ ಹೊತ್ತು ಓದಿನ ಹೊತ್ತೇ ಆಗಿರಲಿ. ಅಡಿಕೆ ಸುಲಿಯುವ, ದನ ನೋಡಿಕೊಳ್ಳುವ ಕೆಲಸಕ್ಕೂ ಹಚ್ಚಬೇಡಿ. ಮನೆಯಲ್ಲಿ ಉಪಯೋಗಕ್ಕೆ ಬೀಳುತ್ತಾನೆಂದಾದರೆ ಶಾಲೆ ಇನ್ನೂ ದೂರವಾಗುತ್ತದೆ.

ರಾತ್ರಿ ಬೇಗ ಮಲಗುವುದು, ಬೆಳಗ್ಗೆ ಗಡಿಬಿಡಿಯಿಲ್ಲದೆ ಏಳುವುದು, ಏನಾದರೂ ತಿಂದು ಹೋಗುವುದು, ಸಂಜೆ ಒಂದಿಷ್ಟು ಆಟ, ಇವು ಮದ್ದಿನಷ್ಟೇ ಮುಖ್ಯ. ನಿಧಾನವಾಗಿ ಉಸಿರಾಡುವುದನ್ನೂ ಕಲಿಸಿ: ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ, ಹೀಗೆ ಐದು ನಿಮಿಷ. ಉಸಿರು ಬಿಡುವುದು ನಿಧಾನವಾದರೆ ಎದೆಬಡಿತವೂ ಇಳಿಯುತ್ತದೆ. ಇದನ್ನು ಸಮಾಧಾನದ ಹೊತ್ತಿನಲ್ಲಿ ದಿನಾ ಅಭ್ಯಾಸ ಮಾಡಿಸಿದರೆ ಮಾತ್ರ ಹೆದರಿಕೆಯ ಹೊತ್ತಿಗೆ ಒದಗುತ್ತದೆ.

ಸಾಲ, ಬೆಲೆಗಳ ಮಾತನ್ನು ಮಕ್ಕಳಿಂದ ಪೂರ್ತಿ ಮುಚ್ಚಿಡಲಾಗದು. ಕೇಳಿದರೆ "ಕಷ್ಟ ಇದೆ, ಅದನ್ನು ನೋಡಿಕೊಳ್ಳಲು ನಾವಿದ್ದೇವೆ. ನಿನ್ನ ಅಂಕದಿಂದ ಸಾಲ ತೀರಬೇಕಾಗಿಲ್ಲ" ಎಂದು ನೇರವಾಗಿ ಹೇಳಿ. ದೃಷ್ಟಿ, ಸೋಂಕು ಎಂದು ನೂಲು ಕಟ್ಟಿಸುತ್ತಾ ತಿಂಗಳುಗಳನ್ನು ಕಳೆಯಬೇಡಿ.

ಪರೀಕ್ಷೆಯ ಹೊತ್ತಿಗೆ

ಕೇರಳದ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಬರೆಯಲು ಆರಂಭಿಸುವ ಮೊದಲು 15 ನಿಮಿಷ ಪ್ರಶ್ನೆಪತ್ರಿಕೆ ಓದಲಿಕ್ಕೆಂದೇ ಇದೆ. ಈ ಹೊತ್ತನ್ನು ಬಳಸುವ ಕ್ರಮವನ್ನು ಮನೆಯಲ್ಲೇ ಅಭ್ಯಾಸ ಮಾಡಿಸಬಹುದು. ಮೊದಲು ಕೆಲವು ನಿಧಾನ ಉಸಿರು. ಮತ್ತೆ ಇಡೀ ಪತ್ರಿಕೆ ಒಮ್ಮೆ ಓದುವುದು. ಚೆನ್ನಾಗಿ ಗೊತ್ತಿರುವುದನ್ನು ಮನಸ್ಸಿನಲ್ಲೇ ಗುರುತಿಸಿಕೊಂಡು ಅಲ್ಲಿಂದ ಬರೆಯಲು ಆರಂಭಿಸುವುದು. ಮೊದಲ ಉತ್ತರ ಸರಿಯಾಗಿ ಬಂದರೆ ಮರೆತುಹೋದಂತಿದ್ದವೂ ಒಂದೊಂದಾಗಿ ಬರುತ್ತವೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಮನೆಯಲ್ಲಿ ಬರೆದು ನೋಡುವುದೂ ಒಂದು ಮೆಟ್ಟಿಲೇ. ಪರೀಕ್ಷೆ ಮುಗಿಸಿ ಬಂದ ಮಗುವನ್ನು ಅಂಗಳದಲ್ಲೇ ನಿಲ್ಲಿಸಿ "ಎಷ್ಟು ಬರಬಹುದು?" ಎಂದು ಲೆಕ್ಕ ಹಾಕಿಸಬೇಡಿ. ಮೊದಲು ಊಟ ಬಡಿಸಿ.

ವೈದ್ಯರ ಬಳಿಗೆ ಯಾವಾಗ?

ಎರಡು ವಾರ ಪ್ರಯತ್ನಿಸಿದರೂ ಮಗು ಶಾಲೆಗೆ ಹೋಗದಿದ್ದರೆ, ಊಟ ನಿದ್ದೆ ಬಿಟ್ಟು ಸೊರಗುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿ "ಸತ್ತೇ ಹೋಗುತ್ತೇನೆ" ಎನ್ನುವಂಥ ಗಾಬರಿ ಮತ್ತೆ ಮತ್ತೆ ಬರುತ್ತಿದ್ದರೆ, ಗೆಳೆಯರು ಆಟ ಎಲ್ಲವನ್ನೂ ಬಿಟ್ಟು ಮೂಲೆ ಹಿಡಿದಿದ್ದರೆ ತಡಮಾಡಬೇಡಿ. ಕೇರಳದ ಹಲವು ಸರಕಾರಿ ಶಾಲೆಗಳಲ್ಲಿ ಕೌನ್ಸಿಲರ್ ಇದ್ದಾರೆ, ಮೊದಲು ಅವರಲ್ಲಿ ವಿಚಾರಿಸಬಹುದು. ಸರಕಾರಿ ಆಸ್ಪತ್ರೆಗಳ ಮೂಲಕ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ನಡೆಯುತ್ತಿದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ ನಂಬರು 14416. ಹಗಲು ರಾತ್ರಿ ಯಾವಾಗಲೂ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು. ಮಗುವಿಗೆ ಯಾರಿಂದಲಾದರೂ ಕಿರುಕುಳವಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಮಕ್ಕಳ ಆತಂಕಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಮೊದಲ ಚಿಕಿತ್ಸೆ ಮಾತಿನ ಮತ್ತು ಅಭ್ಯಾಸದ ಚಿಕಿತ್ಸೆ. ಮಾತ್ರೆ ಬೇಕಾದರೆ ವೈದ್ಯರು ಹೇಳುತ್ತಾರೆ. ಹೇಳಿದರೆ ಹೆದರದೆ ಕೊಡಿ, ನಡುವೆ ನೀವಾಗಿ ನಿಲ್ಲಿಸಬೇಡಿ. ಮನೋವೈದ್ಯರ ಬಳಿ ಹೋದವರೆಲ್ಲ ಹುಚ್ಚರು ಎಂಬ ಮಾತನ್ನು ನಾವೇ ಮೊದಲು ಬಿಡಬೇಕು.

ಕೃಷಿಕರ ಮನೆಗಳಿಗೆ ಒಂದು ವಿಶೇಷ ಎಚ್ಚರಿಕೆ. ನಮ್ಮ ಕೊಟ್ಟಿಗೆಯಲ್ಲಿ, ಪಂಪ್‌ಶೆಡ್ಡಿನಲ್ಲಿ ಕೀಟನಾಶಕ, ಕಳೆನಾಶಕಗಳ ಬಾಟ್ಲಿಗಳು ಸಿಕ್ಕಿದಲ್ಲಿ ಇರುತ್ತವೆ. ಅವುಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಕೈ ದೊಡ್ಡವರಲ್ಲಿ ಇರಲಿ. ಉಳಿದ ಮದ್ದನ್ನು ಕೂಡಿಡಬೇಡಿ. ಮನಸ್ಸು ಕುಸಿದ ಕ್ಷಣದಲ್ಲಿ ವಿಷ ಕೈಗೆ ಸಿಗದಿದ್ದರೆ ಎಷ್ಟೋ ಜೀವಗಳು ಉಳಿಯುತ್ತವೆ, ಏಕೆಂದರೆ ಆ ಕ್ಷಣ ಬಹಳ ಸಲ ಹಾಗೆಯೇ ದಾಟಿಹೋಗುತ್ತದೆ. "ನಾನು ಇಲ್ಲದಿದ್ದರೇ ಒಳ್ಳೆಯದಿತ್ತು" ಎಂಬಂಥ ಮಾತು ಮಗುವಿನ ಬಾಯಲ್ಲಿ ಬಂದರೆ ಅದನ್ನು ನಾಟಕವೆಂದು ತಳ್ಳಿಹಾಕಬೇಡಿ. ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತೋರಿಸಿ.

ಕೊನೆಯದಾಗಿ ಒಂದು ಮಾತು. ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಗೆ ಹೋದಾಗ ಅಂಕಪಟ್ಟಿಗೆ ಸಹಿ ಹಾಕಿ ಓಡಿಬರಬೇಡಿ. ಕ್ಲಾಸ್ ಟೀಚರ್ ಬಳಿ ಹತ್ತು ನಿಮಿಷ ಕುಳಿತು, "ನಮ್ಮ ಮಗು ತರಗತಿಯಲ್ಲಿ ಹೇಗಿರುತ್ತದೆ? ಯಾರ ಜೊತೆ ಕೂರುತ್ತದೆ? ಮಾತಾಡುತ್ತದೆಯೇ?" ಎಂದು ಕೇಳಿ. ಮನೆಯಲ್ಲಿ ಕಂಡದ್ದನ್ನು ಅವರಿಗೂ ಹೇಳಿ. ಮಗುವಿನ ಒಂದು ಅರ್ಧ ಮನೆಗೆ ಗೊತ್ತು, ಇನ್ನೊಂದು ಅರ್ಧ ಶಾಲೆಗೆ ಗೊತ್ತು. ಎರಡನ್ನೂ ಸೇರಿಸಿ ನೋಡಿದರೆ ಮೊದಲ ಮೆಟ್ಟಿಲು ಯಾವುದೆಂದು ಅಲ್ಲೇ ಗೊತ್ತಾಗುತ್ತದೆ.